ಎಂಟು ನಿಮಿಷದ ಸುರುಳಿ

ಸೊಸೆ ಒಳಕೋಣೆ ಸೇರಿ ಚಿಲಕ ಹಾಕಿಕೊಂಡ ಮಾರನೇ ದಿನವೇ ಮನೆಯಲ್ಲಿ ಸಿನಿಮಾಗಳ ಪಟ್ಟಿ ತಯಾರಾಯಿತು.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಮೂರು ತಿಂಗಳು ಊರಿನವರ ಮೂಗಿನ ಸ್ಯಾಂಪಲ್ಲುಗಳನ್ನೆಲ್ಲ ನೋಡಿ ನೋಡಿ ಕೊನೆಗೆ ತನ್ನದನ್ನೂ ನೋಡಿಕೊಂಡು ಮನೆಗೆ ಫೋನ್ ಮಾಡಿದಳು. "ನನ್ನ ದಿಂಬು, ಹೊದಿಕೆ, ಒಂದು ಬಕೆಟ್ಟು ಒಳಕೋಣೇಲಿಟ್ಟು ಎಲ್ರೂ ಹಿತ್ತಿಲಿಗೆ ಹೋಗಿ. ನಾನು ಮುಂಬಾಗಿಲಿಂದ ನೇರ ಒಳಗೆ ಹೋಗ್ತೀನಿ." ಹಾಗೇ ಹೋದಳು. ಸಂಜೆಯೊಳಗೆ ಯಾರೋ ಬಂದು ಮುಂಬಾಗಿಲಿಗೆ ಚೀಟಿ ಅಂಟಿಸಿದರು. ಇಪ್ಪತ್ತೊಂದು ದಿನ ಈ ಮನೆಯಿಂದ ಯಾರೂ ಹೊರಗೆ ಕಾಲಿಡುವಂತಿಲ್ಲ.

ಉಳಿದವರು ನಾಲ್ವರು. ಸೊಸೆಯ ಗಂಡ, ಅಂದರೆ ಮನೆಯ ಮಗ, ಫ್ರಿಜ್ ರಿಪೇರಿ ಮಾಡುವವನು. ಊರವರ ಫ್ರಿಜ್ಜೆಲ್ಲ ನೆಟ್ಟಗಾದರೂ ಸ್ವಂತ ಮನೆಯದು ಮಾತ್ರ ಬಾಗಿಲಿಗೆ ಸ್ಟೂಲು ಒತ್ತಿಟ್ಟರಷ್ಟೇ ತಣ್ಣಗಿರುತ್ತಿತ್ತು. ಅವರ ಮಗಳಿಗೆ ಹದಿನಾಲ್ಕು, ಬಾಯಿ ಮುಚ್ಚುವುದಿಲ್ಲವೆಂದು ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ರೇಡಿಯೋ ಎಂದು. ಆಮೇಲೆ ಅಜ್ಜಿ. ಆಮೇಲೆ ಅಜ್ಜ, ಅವರಿಗೆ ಬೀದಿಯಲ್ಲೂ ಮನೆಯಲ್ಲೂ ಆಪರೇಟರ್ ಎಂದೇ ಹೆಸರು.

ಆಪರೇಟರ್ ಮೂವತ್ತು ವರ್ಷಕ್ಕೂ ಮಿಕ್ಕಿ ಟಾಕೀಸಿನಲ್ಲಿ ಸಿನಿಮಾ ಓಡಿಸಿದವರು. ಸಾವಿರಾರು ಸಿನಿಮಾ ನೋಡಿದ್ದರೂ ಒಂದನ್ನೂ ಕೂತು ನೋಡಿದವರಲ್ಲ. ಮೇಲಿನ ಕೋಣೆಯಲ್ಲಿ ಮೆಷಿನ್ನಿನ ಪಕ್ಕ ನಿಂತು, ಅಂಗೈಯಗಲದ ಗಾಜಿನ ಕಿಂಡಿಯಿಂದ ನೋಡಿದ್ದು. ಮೆಷಿನ್ನಿನ ಗದ್ದಲದಲ್ಲಿ ಮಾತೂ ಕೇಳುತ್ತಿರಲಿಲ್ಲ, ಹಾಡೂ ಕೇಳುತ್ತಿರಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ರೀಲು ಬದಲಿಸಬೇಕು. ಟಾಕೀಸು ಮುಚ್ಚಿ ಹತ್ತು ವರ್ಷವಾಗಿದ್ದರೂ ಟೀವಿ ಮುಂದೆ ಕೂತರೆ ಇಪ್ಪತ್ತನೇ ನಿಮಿಷಕ್ಕೆ ಸರಿಯಾಗಿ ಎದ್ದು ನಿಲ್ಲುತ್ತಿದ್ದರು. ನಿಂತ ಮೇಲೆ ಯಾಕೆ ನಿಂತೆನೆಂದು ಅವರಿಗೇ ತಿಳಿಯದೆ ನೀರು ಕುಡಿದು ಬಂದು ಕೂರುತ್ತಿದ್ದರು.

ಪಟ್ಟಿಯ ಕಾನೂನು ರೇಡಿಯೋ ಮಾಡಿದ್ದು. ದಿನಾ ಮಧ್ಯಾಹ್ನ ಮೂರಕ್ಕೆ ಒಂದು ಸಿನಿಮಾ, ದಿನಕ್ಕೊಬ್ಬರ ಸರದಿ, ಅವರಿಗೆ ತುಂಬ ಇಷ್ಟವಾದದ್ದು.

"ಒಬ್ರು ಆರಿಸಿದ್ದಕ್ಕೆ ಇನ್ನೊಬ್ರು ತಕರಾರು ಎತ್ತೋ ಹಾಗಿಲ್ಲ," ಎಂದು ಅವಳು ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. "ಅಪ್ಪ, ನಿಮಗೇ ಹೇಳ್ತಿರೋದು."

"ನಂಗೂ ಸರದಿ ಇದೆ ತಾನೇ?" ಒಳಕೋಣೆಯಿಂದ ಸೊಸೆ ಕೇಳಿದಳು.

"ಇದೆ ಅಮ್ಮ. ಆದ್ರೆ ನೀನು ಹೇಗೆ ನೋಡ್ತೀಯ?"

"ಫೋನ್ ನೋಡಿದ್ರೆ ಕಣ್ಣು ಉರಿಯತ್ತೆ, ತಲೆ ಸಿಡಿಯತ್ತೆ. ಟೀವಿ ಸದ್ದು ಜೋರಾಗಿಡಿ, ಕೇಳಿಸ್ಕೊಳ್ತೀನಿ. ಯಾರಾದ್ರೂ ಬಾಗಿಲ ಹತ್ರ ಕೂತು ಏನು ನಡೀತಿದೆ ಅಂತ ಹೇಳಿ."

ಮೊದಲ ದಿನ ಆ ಕೆಲಸಕ್ಕೆ ಗಂಡ ಕೂತ. ಅವನೇ ಆರಿಸಿದ ಹೊಡೆದಾಟದ ಸಿನಿಮಾ. "ಹೊಡೀತಿದ್ದಾನೆ," ಎಂದ. ಸ್ವಲ್ಪ ಹೊತ್ತಾದ ಮೇಲೆ, "ಇನ್ನೂ ಹೊಡೀತಿದ್ದಾನೆ," ಎಂದ. ಆಮೇಲೆ ಬಾಯಿ ತೆರೆದುಕೊಂಡು ನೋಡುತ್ತ ಹೆಂಡತಿಯನ್ನು ಮರೆತೇಬಿಟ್ಟ. ಆಪರೇಟರ್‌ಗೆ ತಡೆಯಲಾಗಲಿಲ್ಲ. ಸ್ಟೂಲೊಂದನ್ನು ಒಳಕೋಣೆಯ ಬಾಗಿಲ ಪಕ್ಕಕ್ಕೆ ಎಳೆದುಕೊಂಡು, "ನೀನು ಏಳಪ್ಪ ಮೇಲೆ," ಎಂದರು.

ಅವರು ಹೇಳತೊಡಗಿದರೆ ಸಿನಿಮಾ ಬಾಗಿಲಿನ ಆಚೆಯೂ ನಡೆಯುತ್ತಿತ್ತು. "ಈಗ ಬಾಗಿಲ ತನಕ ಬಂದ. ಒಳಗೆ ಬರ್ತಿಲ್ಲ. ಚಿಲಕದ ಮೇಲಿಟ್ಟ ಕೈ ಮಾತ್ರ ಕಾಣ್ತಿದೆ, ಬೆರಳಲ್ಲಿ ಉಂಗುರ ಇಲ್ಲ." ಮಾತು ಕೇಳದೆ ಮೂವತ್ತು ವರ್ಷ ಬರೀ ಮುಖ ನೋಡಿದವರ ಕಣ್ಣು ಅದು. ಒಂದೇ ತೊಂದರೆ, ಸಿನಿಮಾದಲ್ಲಿ ಯಾರಾದರೂ ಸತ್ತರೆ ಆಪರೇಟರ್ "ಮಲಗಿದ" ಎನ್ನುತ್ತಿದ್ದರು. ರೇಡಿಯೋ ಆರಿಸಿದ ದೆವ್ವದ ಸಿನಿಮಾದಲ್ಲಿ, "ಮಲಗಿದ್ದವಳು ಎದ್ದು ಬಂದ್ಲು," ಎಂದಾಗ ಸೊಸೆ ಕೆಮ್ಮಿನ ನಡುವೆಯೂ ನಕ್ಕಳು.

"ಮಾವ, ನಿಮ್ಮ ಸಿನಿಮಾದಲ್ಲಿ ಯಾರೂ ಸಾಯೋದೇ ಇಲ್ಲ."

ಆಪರೇಟರ್ ನಗಲಿಲ್ಲ. ಅಜ್ಜಿ ಕೈಯಲ್ಲಿದ್ದ ಬಟ್ಟೆಯನ್ನು ಇನ್ನೊಂದು ಸಲ ಮಡಚಿದರು.

ಮೂರನೇ ದಿನ ಅಜ್ಜಿಯ ಸರದಿ. "ಗಡಿಯಾರದಂಗಡಿಯವನ ಸಿನಿಮಾ," ಎಂದರು ಅವರು, ಯೋಚನೆ ಮಾಡದೆ. "ಅವನಿಗೊಬ್ಳು ಪುಟ್ಟ ಮಗಳು. ನಿಮ್ಮಜ್ಜನ ಟಾಕೀಸಿಗೆ ಬಂದಿತ್ತು. ಹನ್ನೊಂದು ಸಲ ನೋಡಿದೀನಿ."

"ಅದು ಸಿಗಲ್ಲ," ಎಂದರು ಆಪರೇಟರ್. "ಎಷ್ಟು ಹಳೇದು. ಎಲ್ಲೂ ಉಳಿದಿಲ್ಲ."

"ಹುಡುಕಿ ನೋಡ್ಲಿ ಬಿಡಿ."

"ಸಿಗಲ್ಲ ಅಂದ್ನಲ್ಲ."

ಆ ದಿನ ಬೇರೆ ಏನೋ ಒಂದು ಹಾಕಿದರು. ಅಜ್ಜಿ ಟೀವಿಗೆ ಬೆನ್ನು ಮಾಡಿ ಬಟಾಣಿ ಸುಲಿದರು.

ದಿನಗಳು ಒಂದರ ಹಿಂದೊಂದು ಒಂದೇ ಥರ ಬಂದವು. ಬೆಳಿಗ್ಗೆ ಸೊಸೆ ಒಳಗಿನಿಂದಲೇ ಹಾಜರಿ ತೆಗೆದುಕೊಳ್ಳುತ್ತಿದ್ದಳು. ಎಲ್ಲರೂ ಸೋಪು ಮೂಸಿ ವಾಸನೆ ಬರುತ್ತಿದೆಯೇ ಎಂದು ಹೇಳಬೇಕು. "ಬರ್ತಿದೆ," "ಬರ್ತಿದೆ." ಅಜ್ಜಿ ಮಾತ್ರ, "ಸೋಪಿಂದೂ ಬರ್ತಿದೆ, ವಿನೆಗರ್‌ದೂ ಬರ್ತಿದೆ," ಎನ್ನುತ್ತಿದ್ದರು. ಮನೆಯಲ್ಲಿ ವಿನೆಗರ್ ಇರಲೇ ಇಲ್ಲ. ಮಗ ಸಿಂಕಿನ ಕೆಳಗೆ ತಲೆ ಹಾಕಿ ನೋಡಿದ, ಫ್ರಿಜ್ಜಿನ ಹಿಂದೆ ನೋಡಿದ. ಆಪರೇಟರ್ ಹಾಲಿನ ಮೇಲಿನ ಅಟ್ಟದ ಕಡೆ ಒಮ್ಮೆ ಕಣ್ಣೆತ್ತಿ ತಕ್ಷಣ ತಗ್ಗಿಸಿದರು.

ಎದುರುಮನೆಯ ಟೈಲರನ್ನು ಆಂಬ್ಯುಲೆನ್ಸಿನಲ್ಲಿ ಕರೆದೊಯ್ದಿದ್ದರು. ಒಂಟಿ ಮುದುಕ. ಹೋಗುವ ಆತುರದಲ್ಲಿ ಹೊಲಿಗೆ ಮೆಷಿನ್ನಿನ ಮೇಲಿನ ದೀಪ ಆರಿಸಿರಲಿಲ್ಲ. ಮನೆಗೆ ಬೀಗ ಬಿದ್ದ ಮೇಲೂ ಅದು ಕಿಟಕಿಯಲ್ಲಿ ಹಗಲೆಲ್ಲ ಉರಿಯುತ್ತಿತ್ತು, ಅದರ ಕೆಳಗೆ ಅರ್ಧ ಹೊಲಿದ ತೋಳು. ಹಾಲಿನಲ್ಲಿ ಕೂತವರಿಗೂ ಬಟ್ಟೆ ಒಣಹಾಕುವವರಿಗೂ ಅದು ಕಾಣಿಸುತ್ತಿತ್ತು. ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಏಳನೇ ದಿನ ಸೊಸೆಯ ಜ್ವರ ನೂರಮೂರಕ್ಕೆ ಏರಿತು. "ನೂರಮೂರು," ಎಂದು ಅವಳೇ ಒಳಗಿನಿಂದ ಓದಿ ಹೇಳಿದಳು, ಬೇರೆಯವರ ರಿಪೋರ್ಟು ಓದುವ ದನಿಯಲ್ಲಿ. ಅಜ್ಜಿ ಬಟ್ಟೆಯ ತುಂಡುಗಳನ್ನು ತಣ್ಣೀರಲ್ಲದ್ದಿ, ಹಿಂಡಿ, ನಾಲ್ಕು ಮಡಿಕೆ ಮಾಡಿ ಬಾಗಿಲ ಬಳಿ ಇಟ್ಟರು. ಗಂಜಿ ಇಟ್ಟರು. ಗಂಜಿ ಹಾಗೇ ವಾಪಸ್ಸು ಬಂತು. ಆಪರೇಟರ್ ಹಿತ್ತಿಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆಯುತ್ತ ಕೂತರು.

"ಅಜ್ಜ, ಆ ಪಾತ್ರೆ ಎರಡು ಸಲ ಆಯ್ತು," ಎಂದಳು ರೇಡಿಯೋ.

"ಆಗ್ಲಿ."

"ಇವತ್ತು ಸಿನಿಮಾ ಬೇಡ್ವಾ?"

"ಬೇಕು," ಒಳಗಿನಿಂದ ಸೊಸೆಯ ದನಿ ಬಂತು. "ಸಿನಿಮಾ ನಿಲ್ಲಿಸಿದ್ರೆ ನಂಗೆ ಭಯ ಆಗತ್ತೆ."

ಆ ದಿನ ಆಪರೇಟರ್ ತಗ್ಗಿದ ದನಿಯಲ್ಲಿ ಒಂದು ನಗೆಚಿತ್ರ ಪೂರ್ತಿ ಹೇಳಿದರು. ಬಾಗಿಲಾಚೆಯಿಂದ ಹ್ಞೂಂಗುಡುವುದು ನಿಂತಾಗಲೆಲ್ಲ ಅವರೂ ನಿಲ್ಲಿಸಿ, ಕಿವಿ ಬಾಗಿಲಿಗೆ ಹಚ್ಚಿ, ಉಸಿರು ಕೇಳಿದ ಮೇಲೆ ಮುಂದುವರಿಸಿದರು.

ಎರಡನೇ ಸುತ್ತಿನಲ್ಲೂ ಅಜ್ಜಿ ಅದೇ ಸಿನಿಮಾ ಕೇಳಿದರು. "ಪ್ರಿಂಟೆಲ್ಲ ಹಾಳಾಗಿರತ್ತೆ, ಗೀಚು ಗೀಚು ಕಾಣತ್ತೆ," ಎಂದರು ಆಪರೇಟರ್. ಮೂರನೇ ಸುತ್ತಿಗೆ ಬಂದಾಗ ರೇಡಿಯೋ ಫೋನನ್ನು ಮೇಲೆತ್ತಿ ಹಿಡಿದು ಹಾಲಿಗೆ ಬಂದಳು.

"ಸಿಕ್ತು ಅಜ್ಜಿ. ಗಡಿಯಾರದಂಗಡಿ. ಪೂರ್ತಿ ಇದೆ, ಒಂದು ಗೀಚೂ ಇಲ್ಲ."

ಆಪರೇಟರ್ ಅವತ್ತು ತಮಗೆ ತಲೆನೋವೆಂದರು. ಹಾಗಾದರೆ ನನ್ನ ಮುಂದಿನ ಸರದಿಗೆ ಎಂದರು ಅಜ್ಜಿ. ಅದು ಹದಿನೆಂಟನೇ ದಿನ.

ಮಾರನೇ ಬೆಳಿಗ್ಗೆ ಅಜ್ಜಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಆಪರೇಟರ್ ಅಡುಗೆಮನೆಗೆ ಬಂದರು. ಮಗ ಆಲೂಗಡ್ಡೆ ಹೆರೆಯುತ್ತಿದ್ದ.

"ಈಗೆಲ್ಲ ಫೋನಲ್ಲೇ ಸಿನಿಮಾ ಕತ್ತರಿಸಬಹುದಂತಲ್ಲ."

"ಹ್ಞೂಂ. ಯಾಕಪ್ಪ?"

"ಎಂಟು ನಿಮಿಷ ತೆಗೀಬೇಕು. ಎಲ್ಲಿಂದ ಎಲ್ಲೀವರೆಗೆ ಅಂತ ನಾನು ತೋರಿಸ್ತೀನಿ."

"ಯಾಕೆ ಅಂತ ಕೇಳ್ದೆ."

ಆಪರೇಟರ್ ಆಲೂಗಡ್ಡೆಯೊಂದನ್ನು ಕೈಗೆತ್ತಿಕೊಂಡು ತಿರುಗಿಸಿದರು. "ಅದರಲ್ಲೊಂದು ಮಗು ಇದೆ. ಜ್ವರ ಬರತ್ತೆ."

"ಆಮೇಲೆ?"

"ಆಮೇಲೆ ಅಷ್ಟೇ. ನಿಮ್ಮಮ್ಮನಿಗೆ ಅದು ಗೊತ್ತಿಲ್ಲ."

"ಹನ್ನೊಂದು ಸಲ ನೋಡಿದಾಳಂತೆ. ಗೊತ್ತಿಲ್ಲ ಅಂದ್ರೆ?"

"ನಾನು ತೋರಿಸಿದ್ರೆ ತಾನೇ ಗೊತ್ತಾಗೋದು," ಎಂದರು ಆಪರೇಟರ್.

ನಿಂತಲ್ಲೇ, ತಡವರಿಸುತ್ತ, ಅರ್ಧಂಬರ್ಧ ಹೇಳಿದರು. ನಲವತ್ತೊಂದು ವರ್ಷದ ಹಿಂದಿನ ಮಾತು. ಈ ಮಗ ಆಗಿನ್ನೂ ಹುಟ್ಟಿರಲಿಲ್ಲ. ಅವನಿಗಿಂತ ಮೊದಲು ಹುಟ್ಟಿದ ಹುಡುಗಿ, ನಾಲ್ಕು ವರ್ಷದವಳು, ಐದೇ ದಿನದ ಜ್ವರಕ್ಕೆ ಹೋಗಿಬಿಟ್ಟಿದ್ದಳು. ಅದಾದ ಮೂರು ತಿಂಗಳಿಗೆ ಟಾಕೀಸಿಗೆ ಆ ಸಿನಿಮಾ ಬಂತು. ಶುಕ್ರವಾರ ಮ್ಯಾಟಿನಿ ಓಡಿಸುತ್ತ ಕಿಂಡಿಯಿಂದ ನೋಡಿದರೆ ಪರದೆಯ ಮೇಲೆ ಅಷ್ಟೇ ದೊಡ್ಡ ಹುಡುಗಿ, ಅದೇ ಜ್ವರ. ಶನಿವಾರ ಪಕ್ಕದ ಮನೆಯವಳ ಜೊತೆ ಬರುತ್ತೇನೆಂದು ಹೆಂಡತಿ ಹೇಳಿದ್ದರು. ಶುಕ್ರವಾರವೇ, ಸಂಜೆಯ ಆಟಕ್ಕೆ ಮೊದಲು, ಆಪರೇಟರ್ ಕತ್ತರಿ ತೆಗೆದುಕೊಂಡರು. ಎಂಟು ನಿಮಿಷದಷ್ಟು ಕತ್ತರಿಸಿ, ತುದಿಗೆ ತುದಿ ಅಂಟಿಸಿದರು. ಕತೆಯಲ್ಲಿ ಅಂಗಡಿಯವನು ಆಮೇಲೆ ಅನಾಥ ಹುಡುಗಿಯೊಬ್ಬಳನ್ನು ಸಾಕಿಕೊಳ್ಳುತ್ತಾನೆ. ಅಂಟಿಸಿದ ಮೇಲೆ, ಜ್ವರ ಬಂದ ಮಗಳೇ ಹುಷಾರಾಗಿ, ಸ್ವಲ್ಪ ಉದ್ದವಾಗಿ, ಅಂಗಡಿಯಲ್ಲಿ ನಿಂತು ಗಡಿಯಾರಕ್ಕೆ ಕೀ ಕೊಡುತ್ತಿರುವ ಹಾಗೆ ಕಾಣುತ್ತಿತ್ತು. ಜನ ಗೊಣಗಲಿಲ್ಲ. ಹೆಂಡತಿ ಶನಿವಾರ ಬಂದರು, ಆಮೇಲೂ ಬರುತ್ತಲೇ ಇದ್ದರು, ಹನ್ನೊಂದು ಸಲ.

ಪ್ರಿಂಟು ಮುಂದಿನ ಊರಿಗೆ ಹೋಗುವಾಗ ತುಂಡನ್ನು ಮತ್ತೆ ಸೇರಿಸಿ ಕಳಿಸಬೇಕಿತ್ತು. ಮರೆತರೋ, ಕೈ ಬರಲಿಲ್ಲವೋ, ಅವರಿಗೇ ಗೊತ್ತಿಲ್ಲ. ರೀಲಿನ ಡಬ್ಬಿಗಳು ಬಸ್ಸೇರಿದವು, ಕತ್ತರಿಸಿದ ಸುರುಳಿ ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿಯಿತು. ಆ ಪ್ರಿಂಟು ಹೋದ ಊರಲ್ಲೆಲ್ಲ ಆ ಮಗು ಬದುಕಿತು. ಎಷ್ಟು ಊರೋ. ಕೆಲವು ಮಧ್ಯಾಹ್ನ ಆಪರೇಟರ್‌ಗೆ ಗೋಡೆಯೊಳಗೆ ಮೆಷಿನ್ನು ಓಡುವ ಸದ್ದು ಕೇಳಿಸುತ್ತಿತ್ತು, ಎಲ್ಲೋ ಒಂದು ಊರಲ್ಲಿ ಅದು ಇನ್ನೂ ನಡೆಯುತ್ತಿದೆ ಎನ್ನುವ ಹಾಗೆ.

ಮಗ ಚಾಕು ಕೆಳಗಿಟ್ಟ. ಅವನಿಗೆ ಸಿಟ್ಟು ಬಂದಿತ್ತು, ಆ ಸಿಟ್ಟು ಸಿನಿಮಾದ ಮೇಲಲ್ಲ.

"ಅಕ್ಕನ ಫೋಟೋ ಬೀರುವಿನಲ್ಲಿ ಬಟ್ಟೆ ಕೆಳಗಿದೆ. ನಂಗೊಬ್ಳು ಅಕ್ಕ ಇದ್ಲು ಅಂತ ಹೇಳಿದ್ದು ಯಾರು ಗೊತ್ತಾ? ಎದುರುಮನೆ ಟೈಲರ್. ನಾನಾಗ ಒಂಬತ್ತನೇ ಕ್ಲಾಸು. ಯೂನಿಫಾರ್ಮಿನ ಅಳತೆ ತಗೊಳ್ತಾ, 'ನಿಮ್ಮಕ್ಕನ ಫ್ರಾಕೂ ನಾನೇ ಹೊಲಿದಿದ್ದು' ಅಂದ್ಬಿಟ್ಟ. ನೀವಿಬ್ರೂ ಹೇಳ್ಲಿಲ್ಲ."

"ಏನು ಹೇಳೋದಿತ್ತು."

"ಏನೋ ಒಂದು. ಅವಳಿಗೆ ಏನು ಇಷ್ಟ ಇತ್ತು ಅಂತ. ಒಂದೇ ಒಂದು ಮಾತು."

"ಮೆಲ್ಲಗೆ ಮಾತಾಡು, ನಿಮ್ಮಮ್ಮ..."

"ಈಗ್ಲೂ ಮೆಲ್ಲಗೆ. ನಾನು ಕತ್ತರಿಸಲ್ಲಪ್ಪ. ಬೇಕಾದ್ರೆ ರೇಡಿಯೋನ ಕೇಳಿ."

ಒಳಕೋಣೆಯಿಂದ ಸೊಸೆ ಕೆಮ್ಮಿ, "ನಿಮ್ಮ ಜಗಳ ನಂಗೆಲ್ಲ ಕೇಳಿಸ್ತಿದೆ," ಎಂದಳು. "ಅದು ಅತ್ತೆ ಸರದಿ ಮಾವ. ತಕರಾರು ಎತ್ತೋ ಹಾಗಿಲ್ಲ."

ಆಪರೇಟರ್ ಮೊಮ್ಮಗಳ ಬಳಿ ಹೋದರು. ರೇಡಿಯೋಗೆ ಅದು ಹತ್ತು ನಿಮಿಷದ ಕೆಲಸ. ಅಜ್ಜ ಬೆರಳಿಟ್ಟಲ್ಲಿ ಕತ್ತರಿಸಿ, ಬೆರಳಿಟ್ಟಲ್ಲಿ ಜೋಡಿಸಿದಳು. "ಸದ್ದು ಹಾಕ್ಲಾ?" ಎಂದಿದ್ದಕ್ಕೆ, "ಬೇಡ, ನಂಗೆ ಹಾಗೇ ಗೊತ್ತಾಗತ್ತೆ," ಎಂದರು. ಮೊದಲ ಸಲ ಆ ಹುಡುಗಿ ಯಾಕೆಂದು ಕೇಳದೆ ಕೆಲಸ ಮಾಡಿದಳು.

ಹದಿನೆಂಟನೇ ದಿನ ಬೆಳಿಗ್ಗೆ ಸೊಸೆಯ ಜ್ವರ ಬಿಟ್ಟು ಎರಡು ದಿನವಾಗಿತ್ತು. ಒಂದು ಮೊಟ್ಟೆ, ಎರಡು ಬ್ರೆಡ್ಡು ತಿಂದು ಚಹಾ ಸಪ್ಪೆಯಾಗಿದೆ ಎಂದು ಬೈದಳು. ಎಲ್ಲರಿಗೂ ಅದು ಕೇಳಿ ಹಿತವಾಯಿತು. ಮಧ್ಯಾಹ್ನ ಊಟದ ತಟ್ಟೆ ಎತ್ತುವಾಗ ಮಗನಿಗೆ ಫೋನು ಬಂತು. ಮಾತಾಡಿ ಇಟ್ಟು, "ಟೈಲರ್ ಹೋದ್ನಂತೆ," ಎಂದ.

"ಎಲ್ಲಿಗೆ?" ಎಂದರು ಆಪರೇಟರ್.

ಎದುರು ಕಿಟಕಿಯಲ್ಲಿ ದೀಪ ಉರಿಯುತ್ತಲೇ ಇತ್ತು.

ಮೂರು ಗಂಟೆಗೆ ಹಾಲಿಗೆ ಬಂದರೆ ಅಜ್ಜಿ ಆಗಲೇ ಸೋಫಾದಲ್ಲಿ ಕೂತಿದ್ದರು. ಮುಂದಿನ ಮೇಜಿನ ಮೇಲೆ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಫ್ರಿಜ್ಜಿನ ಸ್ಟೂಲು ಅಟ್ಟದ ಕೆಳಗೆ ನಿಂತಿತ್ತು. ಮುಚ್ಚಳ ತೆಗೆದಿದ್ದರಿಂದ ವಿನೆಗರ್ ವಾಸನೆ ಈಗ ಎಲ್ಲರ ಮೂಗಿಗೂ ಹತ್ತಿತು. ಒಳಗೆ ಕಂದುಬಣ್ಣದ ಸುರುಳಿ, ಒಣಗಿದ ಸಿಪ್ಪೆಯ ಹಾಗೆ ಮುದುಡಿತ್ತು.

"ಹಳೇ ಫಿಲಂ ಕೊಳೆತರೆ ಹೀಗೇ ನಾರೋದಂತೆ," ಎಂದರು ಅಜ್ಜಿ. "ನೀವೇ ಒಂದ್ಸಲ ಹೇಳಿದ್ರಿ." ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ಸಿನಿಮಾ ಪೂರ್ತಿ ಇದೆಯೇನೇ?"

ರೇಡಿಯೋ ಅಜ್ಜನ ಮುಖ ನೋಡಿದಳು.

"ಎಷ್ಟು ತೆಗ್ದಿದೀಯ?"

"ಎಂಟು ನಿಮಿಷ ಅಜ್ಜಿ."

"ಹ್ಞೂಂ. ನಿಮ್ಮಜ್ಜನಿಗೆ ಲೆಕ್ಕ ಮರೆತಿಲ್ಲ. ಅದು ಬೇಡ, ಪೂರ್ತಿ ಇರೋದನ್ನ ಹಾಕು."

"ಬೇಡ ಕಣೆ," ಎಂದರು ಆಪರೇಟರ್. "ಅದರಲ್ಲಿ ಏನಿದೆ ಅಂತ ನಿಂಗೆ ಗೊತ್ತಿಲ್ಲ."

"ಗೊತ್ತು. ನಾನು ನೋಡಿದ್ದು ಹನ್ನೊಂದು ಸಲ ಅಲ್ಲ, ಹನ್ನೆರಡು. ಶುಕ್ರವಾರ ಮ್ಯಾಟಿನಿಗೂ ಬಂದಿದ್ದೆ. ಮನೇಲಿ ಇರೋಕೆ ಆಗ್ಲಿಲ್ಲ, ಒಬ್ಳೇ ಬಂದು ಹಿಂದಿನ ಸಾಲಲ್ಲಿ ಕೂತಿದ್ದೆ."

ಆಪರೇಟರ್ ಗೋಡೆಗೆ ಕೈ ಊರಿದರು.

"ಶನಿವಾರ ಪಕ್ಕದ್ಮನೆಯವಳು ಬಿಡಲಿಲ್ಲ, ಮತ್ತೆ ಬಂದೆ. ಆ ಜಾಗ ಬಂದಾಗ ಕಣ್ಮುಚ್ಚಿಕೊಂಡೆ. ಕಣ್ಬಿಟ್ರೆ ಹುಡುಗಿ ಅಂಗಡೀಲಿ ನಿಂತು ಕೀ ಕೊಡ್ತಿದಾಳೆ. ತಿರುಗಿ ಮೇಲೆ ನೋಡಿದೆ, ನಿಮ್ಮ ಕಿಂಡಿ ಕಡೆ. ಬೆಳಕು ಕಣ್ಣಿಗೆ ಹೊಡೀತು. ನೀವು ಕಾಣ್ಲಿಲ್ಲ."

"ಮತ್ತೆ ಅಷ್ಟು ಸಲ ಯಾಕೆ ಬಂದೆ?"

"ನೀವು ಅವಳ ಫ್ರಾಕು ಮಡಚಿಟ್ರಿ, ತಟ್ಟೆ ಮೇಲಿಟ್ರಿ, ಕೆಲಸಕ್ಕೆ ಹೋದ್ರಿ. ಒಂದು ದಿನ ಅವಳ ಹೆಸರೆತ್ತಲಿಲ್ಲ. ಇವರಿಗೇನೂ ಆಗೇ ಇಲ್ವೇನೋ ಅಂತ ನಂಗೆ ಒಳಗೊಳಗೇ ದಿಗಿಲು. ಅಲ್ಲಿ ಬಂದು ಕೂತ್ರೆ, ಆ ಎಂಟು ನಿಮಿಷ ಇವತ್ತೂ ಇಲ್ಲ ಅಂತ ನೋಡಿದ್ರೆ, ಇವರಿಗೂ ಆಗಿದೆ ಅಂತ ಗೊತ್ತಾಗೋದು. ಅದನ್ನ ನೋಡೋಕೆ ಬರ್ತಿದ್ದೆ."

ಟೀವಿಯ ಗಾಜಿನಲ್ಲಿ ಎಲ್ಲರ ನೆರಳೂ ಕಾಣುತ್ತಿತ್ತು. ಮಗ ನೆಲ ನೋಡುತ್ತ ಕೂತಿದ್ದ.

"ಈಗ ಯಾಕೆ ನೋಡ್ಬೇಕು?" ಎಂದರು ಆಪರೇಟರ್.

"ಅವತ್ತು ಒಬ್ಳೇ ನೋಡಿದೆ. ಇನ್ನೊಂದು ಸಲ ಒಬ್ಳೇ ನೋಡೋದು ಬೇಡ ಅಂತ. ಆ ಟೈಲರ್‌ಗೆ ಕೊನೇಲಿ ಪಕ್ಕದಲ್ಲಿ ಯಾರಿದ್ರು ಹೇಳಿ." ಅಜ್ಜಿ ಡಬ್ಬಿಯ ಮುಚ್ಚಳ ಹಾಕಿದರು. "ಹಾಕೇ ರೇಡಿಯೋ."

ಸಿನಿಮಾ ಶುರುವಾಯಿತು. ಆಪರೇಟರ್ ಎಂದಿನಂತೆ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳುತ್ತ ಹೋದರು. ಅಂಗಡಿ, ಗೋಡೆ ತುಂಬ ಗಡಿಯಾರ, ಕಾಲು ತೂಗಿಸುತ್ತ ಕೂತ ಹುಡುಗಿ. ಮೊದಲ ಇಪ್ಪತ್ತು ನಿಮಿಷಕ್ಕೆ ಎದ್ದು ನಿಂತರು, ನೀರು ಕುಡಿದು ಬಂದರು. ಆಮೇಲೂ ಎದ್ದರು. ಒಂದು ಗಂಟೆ ದಾಟಿ ಒಂದಿಷ್ಟು ಹೊತ್ತಿಗೆ ಹುಡುಗಿಗೆ ಜ್ವರ ಬಂತು. ಆಪರೇಟರ್ ಆ ಮಗುವಿನ ದನಿಯನ್ನು ಎಂದೂ ಕೇಳಿರಲಿಲ್ಲ. ಅದು ನೀರು ಕೇಳಿತು. ಅಪ್ಪನನ್ನು ಕರೆಯಿತು, ಎರಡು ಸಲ. ಆಮೇಲೆ ಮಾತೆಲ್ಲ ನಿಂತು ಬರೀ ಗಡಿಯಾರಗಳ ಟಿಕ್ ಟಿಕ್ ಉಳಿಯಿತು. ಅದೂ ಒಂದೊಂದಾಗಿ ಕಡಿಮೆಯಾಗುತ್ತ ಬಂದು ಏನೂ ಕೇಳದಾಯಿತು.

"ಮಾವ, ಸದ್ದೇ ಇಲ್ಲ," ಎಂದಳು ಸೊಸೆ ಬಾಗಿಲಾಚೆಯಿಂದ. "ಏನಾಗ್ತಿದೆ?"

"ಅಪ್ಪ ಕೂತಿದ್ದಾನೆ," ಎಂದರು ಆಪರೇಟರ್. "ಮೇಜಿನ ಮೇಲೆ ಒಂದು ಗಡಿಯಾರ ಬಿಚ್ಚಿಟ್ಟಿದೆ. ಕೈಯಲ್ಲಿ ಸಣ್ಣ ಚಕ್ರ ಹಿಡ್ಕೊಂಡಿದ್ದಾನೆ. ಕಿಟಕಿ ತೆಗೆದಿದೆ. ಲೋಟದಲ್ಲಿ ನೀರು ಹಾಗೇ ಇದೆ."

"ಮಗು?"

ಅಜ್ಜಿ ತಿರುಗಿ ನೋಡಲಿಲ್ಲ. ಪರದೆಯ ಕಡೆಗೇ ಮುಖವಿಟ್ಟು, ಕೈಯೆರಡನ್ನೂ ಡಬ್ಬಿಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

"ಮಾವ, ಮಗು ಮಲಗಿತಾ?"

"ಇಲ್ಲಮ್ಮ," ಎಂದರು ಆಪರೇಟರ್. "ಸತ್ತುಹೋಯ್ತು." ಪರದೆಯಿಂದ ಕಣ್ಣು ತೆಗೆದು ಅಜ್ಜಿಯ ಕಡೆ ತಿರುಗಿದರು. "ನಮ್ಮ ಮಗು ಸತ್ತುಹೋಯ್ತು. ನಾಲ್ಕು ವರ್ಷ ಆಗಿತ್ತು. ಮೆಷಿನ್ ರೂಮಿಗೆ ಬಂದು ಕಿಂಡೀಲಿ ನೋಡೋದು ಅಂದ್ರೆ ಅವಳಿಗೆ ಇಷ್ಟ. ನಾನು ಎತ್ತಿ ಹಿಡೀತಿದ್ದೆ."

ಮಗ ತಲೆಯೆತ್ತಿ ಅಪ್ಪನನ್ನು ನೋಡಿದ. ಬಾಗಿಲಾಚೆ ಸೊಸೆ ಅಳುವುದು ಕೇಳಿಸಿತು, ಆಮೇಲೆ ಅವಳು, "ನೀವು ಅತ್ತೆ ಹತ್ರ ಹೋಗಿ ಕೂತ್ಕೊಳ್ಳಿ ಮಾವ. ಮಿಕ್ಕಿದ್ದು ನಾನು ಕೇಳಿಸ್ಕೊಳ್ತೀನಿ," ಎಂದಳು.

ಅಜ್ಜಿ ಡಬ್ಬಿಯನ್ನು ಕೆಳಗಿಟ್ಟು ಸೋಫಾದಲ್ಲಿ ಪಕ್ಕಕ್ಕೆ ಸರಿದರು. ಆಪರೇಟರ್ ಬಂದು ಕೂತರು. ಪರದೆಯ ಮೇಲೆ ಬೇರೊಬ್ಬ ಹುಡುಗಿ, ಈಗ ನೋಡಿದರೆ ಒಂದಿಷ್ಟೂ ಹೋಲಿಕೆಯಿಲ್ಲದವಳು, ಅಂಗಡಿಯಲ್ಲಿ ನಿಂತು ಗಡಿಯಾರಕ್ಕೆ ಕೀ ಕೊಡತೊಡಗಿದಳು. ಇಪ್ಪತ್ತು ನಿಮಿಷ ಯಾವಾಗಲೋ ದಾಟಿತ್ತು. ಆಪರೇಟರ್ ಏಳಲಿಲ್ಲ.